ಹಳೆಯ ಕಾರು ವೇಗದಲ್ಲಿ ಬಲಗುಂದುವುದೇಕೆ?

ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿಯನ್ನು ಹತ್ತುವ ರಸ್ತೆಯಲ್ಲಿ ನಮ್ಮ ಸ್ನೇಹಿತರೊಬ್ಬರು ಒಂದು ಕೆಟ್ಟ ಗಳಿಗೆಯನ್ನು ಕಂಡರು. ಅವರದು ತಂದೆಯ ಕಾಲದಿಂದ ಬಂದ ಪ್ರೀಮಿಯರ್ ಪದ್ಮಿನಿ ಕಾರು. ಮುಂದೆ ತೆವಳುತ್ತಿದ್ದ ಲಾರಿಯೊಂದನ್ನು ದಾಟಬೇಕೆಂದು ಅವರು ಬಲಕ್ಕೆ ಹೊರಳಿ ಆಕ್ಸಿಲರೇಟರನ್ನು ಪೂರ್ತಿಯಾಗಿ ಒತ್ತಿದರು. ಗಾಡಿ ಮೊದಲು ಚೆನ್ನಾಗಿಯೇ ಎಳೆಯಿತು. ಲಾರಿಯ ನಡುಭಾಗಕ್ಕೆ ಬರುವ ಹೊತ್ತಿಗೆ, ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಜಗ್ಗಿದಂತೆ ಸೊರಗಿತು. ತಿರುವಿನಾಚೆಯಿಂದ ಬಸ್ಸೊಂದು ಬರುತ್ತಿತ್ತು. ಲಾರಿಯ ಚಾಲಕ ವಿವೇಕಿ. ಬ್ರೇಕು ಹಾಕಿ ಜಾಗ ಬಿಟ್ಟುಕೊಟ್ಟ.

ಹಾಸನಕ್ಕೆ ಮರಳಿದ ಮೇಲೆ ಗಾಡಿಯನ್ನು ಪರೀಕ್ಷೆಗೆ ಕೊಟ್ಟದ್ದಾಯಿತು. ಊರೊಳಗೆ ಓಡಿಸಿ ನೋಡಿದರೆ ಯಾವ ದೋಷವೂ ಇಲ್ಲ. ನಿಂತಲ್ಲಿ ಎಂಜಿನು ಹೊಲಿಗೆಯಂತ್ರದ ಹಾಗೆ ನಡೆಯುತ್ತದೆ. ಕೊನೆಗೆ ಬಂದ ತೀರ್ಪು: “ರಿಂಗು ಸವೆದಿದೆ, ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು.” ಅದಕ್ಕೆ ತಗಲುವ ವೆಚ್ಚ ಗಾಡಿಯ ಬೆಲೆಯನ್ನೇ ಮುಟ್ಟುವಂತಿತ್ತು. ಅಷ್ಟು ಹಣ ಹಾಕುವುದಕ್ಕಿಂತ ಗುಜರಿಗೆ ಕೊಟ್ಟುಬಿಡುವುದೇ ಮೇಲೆಂದು ಮನೆಯವರು ಹೇಳತೊಡಗಿದ್ದರು. ಆ ಹಂತದಲ್ಲಿ ಸ್ನೇಹಿತರು ನಮ್ಮಲ್ಲಿಗೆ ಬಂದು, “ನೀವು ಭೌತಶಾಸ್ತ್ರ ಹೇಳುವವರಲ್ಲವೆ, ಇದಕ್ಕೇನು ಹೇಳುತ್ತೀರಿ?” ಎಂದು ಕೇಳಿದರು. ಅದರ ಉತ್ತರವೇ ಈ ಲೇಖನ.

ಪದ್ಮಿನಿಯೆಂಬುದು ಇಟಲಿಯ ಫಿಯಟ್ ೧೧೦೦ ಕಾರಿನ ವಿನ್ಯಾಸವನ್ನು ಆಧರಿಸಿ ೧೯೬೪ರಿಂದ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಗಾಡಿಯ ಮುಂದುವರಿಕೆ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳ ಸಾಲಿನಿಂದ ೨೦೨೩ರ ಅಕ್ಟೋಬರಿನಲ್ಲಿ ಅದು ಮರೆಯಾಯಿತು. ಆದರೆ ಮನೆಗಳಲ್ಲಿ ಅಭಿಮಾನದಿಂದ ಉಳಿಸಿಕೊಂಡವರು ಇನ್ನೂ ಇದ್ದಾರೆ. ಇಂದಿನ ಕಾರುಗಳಲ್ಲಿ ಪುಟ್ಟ ಗಣಕವೊಂದು ಎಂಜಿನಿನ ನಾಡಿಯನ್ನು ಸದಾ ನೋಡುತ್ತ ದೋಷವನ್ನು ತಾನೇ ಬರೆದಿಡುತ್ತದೆ. ಪದ್ಮಿನಿಯಲ್ಲಿ ಅಂಥದೇನೂ ಇಲ್ಲ. ಪೆಟ್ರೋಲನ್ನು ಗಾಳಿಯೊಡನೆ ಬೆರೆಸಲು ಕಾರ್ಬ್ಯುರೇಟರು, ಕಿಡಿಯನ್ನು ಹಂಚಲು ಪಾಯಿಂಟುಗಳಿರುವ ಡಿಸ್ಟ್ರಿಬ್ಯೂಟರು, ಪೆಟ್ರೋಲನ್ನು ಸೆಳೆಯಲು ಎಂಜಿನಿನ ಮಗ್ಗುಲಲ್ಲಿ ಕುಳಿತ ಪೊರೆಯ ಪಂಪು ಇಷ್ಟೇ ಅದರ ಪರಿವಾರ. ಎಂಜಿನು ಎಷ್ಟು ಸುತ್ತು ತಿರುಗುತ್ತಿದೆಯೆಂದು ತೋರಿಸುವ ಮಾಪಕ ಕೂಡ ಅದರಲ್ಲಿಲ್ಲ. ದೋಷವನ್ನು ನಾವೇ ತರ್ಕಿಸಿ ಹಿಡಿಯಬೇಕು.

ಮೊದಲು ಶಕ್ತಿಯೆಂದರೇನೆಂಬುದನ್ನು ನೆನಪು ಮಾಡಿಕೊಳ್ಳೋಣ. ಈ ಎಂಜಿನಿನಲ್ಲಿ ನಾಲ್ಕು ಸಿಲಿಂಡರುಗಳಿವೆ. ಒಂದೊಂದರ ವ್ಯಾಸ ೬೮ ಮಿಲಿಮೀಟರು, ಪಿಸ್ಟನ್ನಿನ ಓಟ ೭೫ ಮಿಲಿಮೀಟರು. ಗುಣಿಸಿ ನೋಡಿದರೆ ಒಟ್ಟು ಗಾತ್ರ ೧೦೮೯ ಘನ ಸೆಂಟಿಮೀಟರು. ನಾಲ್ಕು ಹೊಡೆತದ ಎಂಜಿನಾದ್ದರಿಂದ ಪ್ರತಿಯೊಂದು ಸಿಲಿಂಡರೂ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಅಂದರೆ ಸುತ್ತಿಗೆ ಎರಡು ಸಿಡಿತ. ನಿಮಿಷಕ್ಕೆ ೫೦೦೦ ಸುತ್ತಿನಲ್ಲಿ ಸೆಕೆಂಡಿಗೆ ೧೬೭ ಸಿಡಿತಗಳಾದುವು. ಆ ವೇಗದ ಆಸುಪಾಸಿನಲ್ಲಿ ಎಂಜಿನು ಕೊಡುವ ಬಲ ಸುಮಾರು ೪೦ ಅಶ್ವಶಕ್ತಿ, ಎಂದರೆ ೩೦ ಕಿಲೋವ್ಯಾಟು. ಭಾಗಿಸಿದರೆ ಸಿಡಿತವೊಂದಕ್ಕೆ ೧೮೦ ಜೂಲಿನಷ್ಟು ಕೆಲಸ. ಹದಿನೆಂಟು ಕಿಲೋಗ್ರಾಂ ತೂಕದ ಮೂಟೆಯನ್ನು ಒಂದು ಮೀಟರಿನೆತ್ತರಕ್ಕೆ ಎತ್ತಿದಷ್ಟು. ಇದಕ್ಕಾಗಿ ವ್ಯಯವಾಗುವ ಪೆಟ್ರೋಲು ಅರ್ಧ ಹನಿ!

ಶಕ್ತಿಯೆಂದರೆ ಸಿಡಿತವೊಂದರ ಕೆಲಸವನ್ನು ಸೆಕೆಂಡಿನ ಸಿಡಿತಗಳ ಸಂಖ್ಯೆಯಿಂದ ಗುಣಿಸಿದ ಮೊತ್ತ. ಸಿಡಿತದ ಕೆಲಸ ಒಂದೇ ಸಮನಾಗಿದ್ದರೆ ಸುತ್ತು ಏರಿದಂತೆಲ್ಲ ಶಕ್ತಿಯೂ ಏರಬೇಕು. ಏರದಿದ್ದರೆ, ಸಿಡಿತವೊಂದರ ಕೆಲಸ ಕುಗ್ಗಿದೆ ಎಂದರ್ಥ. ಅದು ಕುಗ್ಗುವುದಕ್ಕೆ ಕಾರಣಗಳು ಕೆಲವೇ: ಸಿಲಿಂಡರಿಗೆ ಗಾಳಿ ಸಾಲದು, ಪೆಟ್ರೋಲು ಸಾಲದು, ಕಿಡಿ ಹುಟ್ಟಲಿಲ್ಲ, ಅಥವಾ ಕಿಡಿ ಹೊತ್ತು ಮೀರಿ ಹುಟ್ಟಿತು. ಒಳ್ಳೆಯ ಎಂಜಿನಿನಲ್ಲೂ ಒಂದು ವೇಗದಾಚೆಗೆ ಗಾಳಿ ಸಾಲದೆ ಶಕ್ತಿ ಇಳಿಯುತ್ತದೆ. ಅದು ವಿನ್ಯಾಸದ ಮಿತಿ. ಆ ಮಿತಿಗೆ ಬಹಳ ಮೊದಲೇ ಇಳಿದರೆ ಅದು ರೋಗ.

ಇನ್ನು ರಿಂಗು ಸವೆದಿದೆಯೆಂಬ ತೀರ್ಪನ್ನು ವಿಚಾರಿಸೋಣ. ಪಿಸ್ಟನ್ನಿನ ಸುತ್ತ ತೊಡಿಸಿದ ಬಳೆಗಳು ಸವೆದರೆ, ಒತ್ತಿದ ಅನಿಲ ಸಂದಿಯಿಂದ ಕೆಳಕ್ಕೆ ಸೋರುತ್ತದೆ. ನಿಜ. ಆದರೆ ಸೋರುವುದಕ್ಕೆ ಕಾಲ ಬೇಕು. ತೂತುಬಿದ್ದ ಕೊಡದಲ್ಲಿ ನೀರು ತರುವವನು ಓಡುತ್ತ ಬಂದರೆ ಹೆಚ್ಚು ನೀರು ಮನೆ ಸೇರುತ್ತದೆ, ನಿಧಾನವಾಗಿ ನಡೆದು ಬಂದರೆ ಕಡಮೆ. ಪಿಸ್ಟನ್ನಿನ ಒಂದು ಏರಿಕೆಗೆ ಸ್ಟಾರ್ಟರು ತಿರುಗಿಸುವ ೨೫೦ ಸುತ್ತಿನಲ್ಲಿ ೧೨೦ ಮಿಲಿಸೆಕೆಂಡು ಹಿಡಿಯುತ್ತದೆ. ೪೦೦೦ ಸುತ್ತಿನಲ್ಲಿ ಬರಿಯ ಏಳೂವರೆ. ಸೋರಿಕೆಗೆ ಸಿಗುವ ಅವಕಾಶ ಹದಿನಾರರಲ್ಲಿ ಒಂದು ಪಾಲಾಯಿತು. ಹೀಗಾಗಿ ರಿಂಗು ಸವೆದ ಎಂಜಿನು ಬೆಳಗ್ಗೆ ಹೊರಡುವುದಕ್ಕೆ ಹಟಮಾಡುತ್ತದೆ, ಎಣ್ಣೆ ಕುಡಿಯುತ್ತದೆ, ನೀಲಿ ಹೊಗೆ ಬಿಡುತ್ತದೆ, ಕಡಮೆ ಸುತ್ತಿನಲ್ಲಿ ಎಳೆಯಲಾರದು. ನಿಧಾನದಲ್ಲಿ ಸರಿಯಾಗಿದ್ದು ವೇಗದಲ್ಲಿ ಮಾತ್ರ ಸೋಲುವುದು ಅದರ ಲಕ್ಷಣವಲ್ಲ.

ಅಡಚಣೆಯ ನಡತೆ ಇದಕ್ಕೆ ತೀರ ವಿರುದ್ಧವಾದದ್ದು. ಸಂದಿಯೊಂದರ ಮೂಲಕ ಅನಿಲ ರಭಸದಿಂದ ಹಾಯುವಾಗ ನಷ್ಟವಾಗುವ ಒತ್ತಡ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಪ್ರವಾಹ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ನಾಲ್ಕು ಪಟ್ಟಾದರೆ ಹದಿನಾರು ಪಟ್ಟು. ಧೂಳು ತುಂಬಿದ ಗಾಳಿಜಾಲರಿ, ಒಳಗೋಡೆ ಮುರಿದು ಅಡ್ಡಬಿದ್ದ ಸೈಲೆನ್ಸರು ಇಂಥವು ೧೦೦೦ ಸುತ್ತಿನಲ್ಲಿ ಇವೆಯೋ ಇಲ್ಲವೋ ಎನ್ನುವಂತಿದ್ದು ೪೦೦೦ ಸುತ್ತಿನಲ್ಲಿ ಎಂಜಿನಿನ ಕೊರಳನ್ನೇ ಹಿಚುಕಬಲ್ಲವು. ನಿಂತ ಗಾಡಿಯನ್ನು ನೋಡಿ ಇವನ್ನು ಕಂಡುಹಿಡಿಯಲಾಗದಿರುವುದು ಆಶ್ಚರ್ಯವಲ್ಲ.

ಹೀಗೆ ಸೋರಿಕೆ ಕಾಲವನ್ನು ಬೇಡುತ್ತದೆ, ಅಡಚಣೆ ಪ್ರವಾಹವನ್ನು ಬೇಡುತ್ತದೆ. ಆದರೂ ತರ್ಕವನ್ನು ಅಳತೆಯಿಂದ ಗಟ್ಟಿಮಾಡಿಕೊಳ್ಳುವುದು ಒಳ್ಳೆಯದೆಂದು, ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ, ಕಿಡಿಯ ತಂತಿಯನ್ನು ತಪ್ಪಿಸಿ, ಒತ್ತಡದ ಮಾಪಕ ಇಟ್ಟು ನೋಡಿದೆವು. ಚದರ ಅಂಗುಲಕ್ಕೆ ೧೨೨, ೧೧೮, ೧೨೦, ೧೧೬ ಪೌಂಡು ಬಂದಿತು. ನಾಲ್ಕೂ ಹತ್ತಿರ ಹತ್ತಿರ ಇವೆ. ಬೋರ್ ಮಾಡಿಸುವ ಮಾತನ್ನು ಅಲ್ಲಿಗೆ ಕೈಬಿಟ್ಟೆವು.

ಉಳಿದದ್ದು ಕಿಡಿ, ಗಾಳಿ, ಪೆಟ್ರೋಲು. ಇವುಗಳ ನಡುವೆ ಭೇದವೆಣಿಸುವುದು ಹೇಗೆ? ಕಿಡಿಯ ವಿಷಯವನ್ನು ಮೊದಲು ತೆಗೆದುಕೊಳ್ಳೋಣ, ಏಕೆಂದರೆ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕಲಿತ ಪಾಠವೊಂದು ಇಲ್ಲಿ ಹಾಗೆಹಾಗೆಯೇ ಕೆಲಸಮಾಡುತ್ತದೆ. ಪಾಯಿಂಟುಗಳು ಕೂಡಿರುವಾಗ ಇಗ್ನಿಷನ್ ಸುರುಳಿಯ ಮೊದಲ ಸುತ್ತುಗಳಲ್ಲಿ ವಿದ್ಯುತ್ ಪ್ರವಾಹ ಬೆಳೆಯುತ್ತದೆ; ಪಾಯಿಂಟು ತೆರೆದೊಡನೆ ಅದು ಕುಸಿದು, ಎರಡನೆಯ ಸುತ್ತುಗಳಲ್ಲಿ ಸಾವಿರಾರು ವೋಲ್ಟುಗಳು ಹುಟ್ಟಿ, ಪ್ಲಗ್ಗಿನ ಸಂದಿಯಲ್ಲಿ ಕಿಡಿ ಹಾರುತ್ತದೆ. ಪ್ರವಾಹ ಒಮ್ಮೆಲೇ ಪೂರ್ತಿಯಾಗುವುದಿಲ್ಲ. ಸುರುಳಿಯ ರೋಧ ೩ ಓಂ, ಪ್ರೇರಕತೆ ೯ ಮಿಲಿಹೆನ್ರಿ ಎಂದಿಟ್ಟುಕೊಂಡರೆ ಅದರ ಕಾಲಾಂಕ ೩ ಮಿಲಿಸೆಕೆಂಡು. ಆಲಸ್ಯದ ೮೦೦ ಸುತ್ತಿನಲ್ಲಿ ಪಾಯಿಂಟು ಕೂಡಿರುವ ಅವಧಿ ೨೫ ಮಿಲಿಸೆಕೆಂಡು. ಪ್ರವಾಹ ನಿರಾಳವಾಗಿ ತುದಿ ಮುಟ್ಟುತ್ತದೆ. ೪೦೦೦ ಸುತ್ತಿನಲ್ಲಿ ಸಿಗುವುದು ೫ ಮಿಲಿಸೆಕೆಂಡು ಮಾತ್ರ. ಪ್ರವಾಹ ನೂರಕ್ಕೆ ೮೧ರಷ್ಟು ಬೆಳೆಯುವುದರೊಳಗೆ ಪಾಯಿಂಟು ತೆರೆದಿರುತ್ತದೆ. ಸುರುಳಿಯಲ್ಲಿ ಕೂಡಿಟ್ಟ ಚೈತನ್ಯ ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ಅದು ಮೂರರಲ್ಲಿ ಎರಡು ಪಾಲಿಗೆ ಇಳಿಯಿತು. ಇದು ಆರೋಗ್ಯವಂತ ಎಂಜಿನಿನ ಲೆಕ್ಕ. ಪಾಯಿಂಟಿನ ಸಂದಿ ಅಗಲವಾಗಿ ಕೂಡಿರುವ ಅವಧಿ ಕಾಲುಭಾಗ ಕಡಮೆಯಾದರೆ ಚೈತನ್ಯ ಅರ್ಧಕ್ಕೆ ಬೀಳುತ್ತದೆ. ಪಾಯಿಂಟಿನ ಮೇಲ್ಮೈ ಸುಟ್ಟು ಒಂದು ಓಂ ರೋಧ ಸೇರಿಕೊಂಡರೂ ಹೆಚ್ಚುಕಡಮೆ ಅದೇ ಗತಿ. ಆಗ ಕೆಲವು ಕಿಡಿಗಳು ಹಾರದೆ ಹೋಗುತ್ತವೆ. ಅದೇ ಗ್ಯಾರೇಜಿನವರು ಹೇಳುವ ‘ಮಿಸ್ಸಿಂಗ್’.

ಇಂಥ ದೋಷಕ್ಕೊಂದು ಗುರುತುಂಟು. ಸುತ್ತು ಒಂದು ಮಟ್ಟವನ್ನು ಮುಟ್ಟಿದ ಕ್ಷಣದಲ್ಲೇ ಅದು ಕಾಣಿಸಿಕೊಳ್ಳುತ್ತದೆ, ಕಾಯುವುದಿಲ್ಲ. ಗಾಡಿ ಕುಕ್ಕಿದಂತೆ ಓಡುತ್ತದೆ, ಸೈಲೆನ್ಸರಿನಲ್ಲಿ ಪಟಪಟ ಸದ್ದಾಗುತ್ತದೆ. ಕವಾಟಗಳ ಸ್ಪ್ರಿಂಗು ಸಡಿಲವಾಗಿದ್ದರೂ ಹೀಗೆಯೇ. ಕವಾಟಕ್ಕೆ ಬೇಕಾದ ವೇಗೋತ್ಕರ್ಷ ಸುತ್ತಿನ ವರ್ಗದಂತೆ ಏರುವುದರಿಂದ, ಒಂದು ವೇಗದಾಚೆಗೆ ದುರ್ಬಲ ಸ್ಪ್ರಿಂಗು ಕವಾಟವನ್ನು ಹೊತ್ತಿಗೆ ಸರಿಯಾಗಿ ಮುಚ್ಚಲಾರದು. ಇನ್ನು ಗಾಳಿಗೋ ಹೊಗೆಗೋ ಅಡಚಣೆಯಿದ್ದರೆ ಮಿಸ್ಸಿಂಗ್ ಇರುವುದಿಲ್ಲ. ಎಂಜಿನು ನಯವಾಗಿಯೇ ಇದ್ದು, ಮೇಲೊಂದು ಕೈ ಅದುಮಿ ಹಿಡಿದಂತೆ ಏರಲಾರದೆ ನಿಲ್ಲುತ್ತದೆ. ಅದಕ್ಕೂ ಕಾಯುವ ಗುಣವಿಲ್ಲ.

ಪೆಟ್ರೋಲಿನ ಕೊರತೆಗೆ ಮಾತ್ರ ಆ ಗುಣವಿದೆ. ಕಾರ್ಬ್ಯುರೇಟರಿನ ಒಳಗೆ ಫ್ಲೋಟ್ ಚೇಂಬರೆಂಬ ಪುಟ್ಟ ಬಟ್ಟಲೊಂದಿದೆ. ಪಂಪು ಕಳುಹಿಸಿದ ಪೆಟ್ರೋಲು ಮೊದಲು ಅಲ್ಲಿ ತುಂಬಿಕೊಂಡು, ಅನಂತರ ಜೆಟ್ಟಿನ ಸಣ್ಣ ರಂಧ್ರದ ಮೂಲಕ ಗಾಳಿಯೊಡನೆ ಬೆರೆಯುತ್ತದೆ. ಮನೆಯ ಮೇಲಿನ ತೊಟ್ಟಿಯಂತೆ ಇದು. ಬೀದಿಯ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದ್ದರೂ ತೊಟ್ಟಿಯಲ್ಲಿ ಇರುವವರೆಗೆ ಬಚ್ಚಲಲ್ಲಿ ಧಾರಾಳವಾಗಿ ಸುರಿಯುತ್ತದೆ. ಬರಿದಾದ ಮೇಲೆ ತಿಳಿಯುತ್ತದೆ ನಿಜಸ್ಥಿತಿ. ಆದ್ದರಿಂದ ಪಂಪಿನ ಕಡೆಯಿಂದ ಬರುವುದು ಕಡಮೆಯಾಗಿದ್ದರೆ ಎಂಜಿನು ಕೆಲವು ಸೆಕೆಂಡು ಪೂರ್ಣ ಬಲದಿಂದ ಎಳೆದು ಆಮೇಲೆ ಸೋಲಬೇಕು. ಲಾರಿಯ ನಡುಭಾಗದವರೆಗೆ ಚೆನ್ನಾಗಿ ಎಳೆದು ಅಲ್ಲಿ ಸೊರಗಿದ್ದನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು. ಸ್ನೇಹಿತರನ್ನು ಮತ್ತೆ ಮತ್ತೆ ಕೇಳಿದಾಗ ಇನ್ನೊಂದು ಮಾತು ಹೇಳಿದರು: ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿ ಅರ್ಧ ನಿಮಿಷ ಮೆಲ್ಲಗೆ ಹೋದರೆ ಗಾಡಿ ಪುನಃ ಚೇತರಿಸಿಕೊಳ್ಳುತ್ತಿತ್ತಂತೆ.

ಊರ ಹೊರಗಿನ ಏರುರಸ್ತೆಯೊಂದರಲ್ಲಿ, ಸಂಚಾರ ವಿರಳವಾದ ಮುಂಜಾನೆಯಲ್ಲಿ, ಕಾಲೇಜಿನ ಪ್ರಯೋಗಶಾಲೆಯ ನಿಲುಗಡಿಯಾರವನ್ನು ಕೈಯಲ್ಲಿ ಹಿಡಿದು ಕುಳಿತೆವು. ಮೂರನೆಯ ಗೇರಿನಲ್ಲಿ ಸ್ನೇಹಿತರು ಆಕ್ಸಿಲರೇಟರನ್ನು ನೆಲಕ್ಕೆ ಮುಟ್ಟಿಸಿ ಹಿಡಿದರು. ಹದಿನೆಂಟು ಸೆಕೆಂಡಿನವರೆಗೆ ಒಂದು ತೊಡಕೂ ಇಲ್ಲ. ಆಮೇಲೆ ಅಲೆಅಲೆಯಾಗಿ ಬಲ ಕುಂದತೊಡಗಿತು. ಕಾರ್ಬ್ಯುರೇಟರು ಒಂದೆರಡು ಬಾರಿ ಸೀನಿತು. ಪೆಟ್ರೋಲು ಕಡಮೆಯಾಗಿ ಮಿಶ್ರಣ ತೆಳುವಾದಾಗ ಉರಿ ನಿಧಾನವಾಗಿ, ಗಾಳಿಯ ಕವಾಟ ತೆರೆಯುವವರೆಗೂ ಉಳಿದುಕೊಂಡು ಹಿಮ್ಮುಖವಾಗಿ ನೆಗೆಯುವುದೇ ಈ ಸೀನು. ಮೂರು ಬಾರಿ ಓಡಿಸಿದಾಗಲೂ ಕಾಲ ೧೮ರಿಂದ ೨೨ ಸೆಕೆಂಡಿನೊಳಗೆ ಬಂದಿತು. ಸೋತ ಹೊತ್ತಿನಲ್ಲಿ ಚೋಕನ್ನು ಎಳೆದರೆ ಕ್ಷಣಕಾಲ ಜೀವ ಬಂದಂತಾಗುತ್ತಿತ್ತು. ಕಿಡಿಯ ದೋಷವಾಗಿದ್ದರೆ ಚೋಕಿನಿಂದ ಉಪಕಾರವಾಗುತ್ತಿರಲಿಲ್ಲ.

ಈಗ ಎಷ್ಟು ಪೆಟ್ರೋಲು ಬೇಕೆಂಬ ಲೆಕ್ಕ. ೪೦೦೦ ಸುತ್ತಿನಲ್ಲಿ ಎಂಜಿನು ನಿಮಿಷಕ್ಕೆ ೨೧೭೮ ಲೀಟರು ಗಾತ್ರದ ಗಾಳಿಯನ್ನು ಸೆಳೆಯಬಲ್ಲದು. ಸಿಲಿಂಡರುಗಳು ನೂರಕ್ಕೆ ೮೦ರಷ್ಟು ತುಂಬುತ್ತವೆಂದು ಭಾವಿಸಿದರೆ ೧೭೪೦ ಲೀಟರು. ಹಾಸನದ ಎತ್ತರದಲ್ಲಿ ಘನ ಮೀಟರು ಗಾಳಿಯ ತೂಕ ಸುಮಾರು ೧.೦೫ ಕಿಲೋಗ್ರಾಂ, ಆದ್ದರಿಂದ ನಿಮಿಷಕ್ಕೆ ೧.೮೩ ಕಿಲೋಗ್ರಾಂ ಗಾಳಿ. ಪೂರ್ಣ ಬಲ ಬೇಕಾದಾಗ ಹದಿಮೂರು ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲು ಬೇಕು. ಹಾಗಾದರೆ ನಿಮಿಷಕ್ಕೆ ೧೪೧ ಗ್ರಾಂ, ಗಾತ್ರದಲ್ಲಿ ೧೯೦ ಮಿಲಿಲೀಟರು, ಅಂದರೆ ಗಂಟೆಗೆ ಹನ್ನೊಂದು ಲೀಟರು ದಾಟುತ್ತದೆ. ನಿಂತಲ್ಲಿ ನಡೆಯುವ ಎಂಜಿನಿಗೆ ಗಂಟೆಗೆ ಒಂದು ಲೀಟರೂ ಬೇಡ. ಹತ್ತರಲ್ಲಿ ಒಂದು ಪಾಲು ಬರುತ್ತಿದ್ದರೂ ಅದು ನೆಮ್ಮದಿಯಾಗಿ ನಡೆದೀತು. ಊರೊಳಗೆ ದೋಷ ಕಾಣದಿದ್ದುದಕ್ಕೆ ಇದೇ ಕಾರಣ.

ಬರುತ್ತಿದ್ದುದು ಎಷ್ಟು? ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವ ಕೊಳವೆಯ ತುದಿಯನ್ನು ಬಿಡಿಸಿ ಅಳತೆಯ ಸೀಸೆಯೊಳಗೆ ಇಳಿಬಿಟ್ಟು, ಬಟ್ಟಲಿನಲ್ಲಿ ಉಳಿದ ಪೆಟ್ರೋಲಿನಿಂದಲೇ ಎಂಜಿನನ್ನು ಅರ್ಧ ನಿಮಿಷ ನಡೆಸಿದೆವು. (ಬಿಸಿ ಎಂಜಿನಿನ ಪಕ್ಕದಲ್ಲಿ ತೆರೆದ ಪೆಟ್ರೋಲೆಂದರೆ ಬೆಂಕಿಗೆ ಆಹ್ವಾನ. ಅನುಭವಿಯಾದ ಕೆಲಸಗಾರನೂ ಬೆಂಕಿನಂದಕವೂ ಪಕ್ಕದಲ್ಲಿದ್ದುದರಿಂದ ನಾವು ಇದಕ್ಕೆ ಕೈಹಾಕಿದೆವು. ವಿದ್ಯಾರ್ಥಿಗಳು ತಾವಾಗಿ ಮಾಡತಕ್ಕದ್ದಲ್ಲ.) ಸೀಸೆಗೆ ಬಿದ್ದದ್ದು ೪೮ ಮಿಲಿಲೀಟರು, ನಿಮಿಷಕ್ಕೆ ೯೬. ಬೇಕಾದ್ದು ೧೯೦, ಬರುತ್ತಿರುವುದು ೯೬. ಪೂರ್ಣ ಬಲದಲ್ಲಿ ಓಡುವಾಗ ನಿಮಿಷಕ್ಕೆ ೯೪ ಮಿಲಿಲೀಟರಿನ ಕೊರತೆ. ಬಟ್ಟಲಿನಲ್ಲಿ ಉಪಯೋಗಕ್ಕೆ ಬರುವಷ್ಟು ಪೆಟ್ರೋಲು ೩೦ ಮಿಲಿಲೀಟರೆಂದು ಹಿಡಿದರೆ ಅದು ಬರಿದಾಗಲು ೧೯ ಸೆಕೆಂಡು ಬೇಕು. ನಿಲುಗಡಿಯಾರ ಹೇಳಿದ್ದೂ ಇದನ್ನೇ. ಮೆಲ್ಲಗೆ ಹೋಗುವಾಗ ನಿಮಿಷಕ್ಕೆ ೪೦ ಮಿಲಿಲೀಟರು ಖರ್ಚಾಗುವುದಾದರೆ ಉಳಿಕೆ ೫೬. ಬಟ್ಟಲು ತುಂಬಲು ಅರ್ಧ ನಿಮಿಷ ಸಾಕು. ಸ್ನೇಹಿತರ ಅರ್ಧ ನಿಮಿಷದ ಲೆಕ್ಕವೂ ತಾಳೆಯಾಯಿತು. ಅಂದಾಜಿನ ಅಂಕಿಗಳು ಇಷ್ಟು ಚೆನ್ನಾಗಿ ಕೂಡಿಬಂದುದರಲ್ಲಿ ಅದೃಷ್ಟದ ಪಾಲೂ ಇದೆಯೆಂದು ಒಪ್ಪಿಕೊಳ್ಳುತ್ತೇವೆ.

ಪಂಪೇ ಬಳಲಿದೆಯೋ, ಪಂಪಿಗೆ ಬರುವ ದಾರಿ ಕಟ್ಟಿದೆಯೋ? ಪಂಪಿನ ಬಾಯಿಗೆ ಬೇರೊಂದು ಡಬ್ಬಿಯ ಪೆಟ್ರೋಲನ್ನು ಗಿಡ್ಡ ಕೊಳವೆಯಿಂದ ಕೊಟ್ಟು ನೋಡಿದೆವು. ಅರ್ಧ ನಿಮಿಷಕ್ಕೆ ೨೨೦ ಮಿಲಿಲೀಟರು! ಪಂಪು ನಿರ್ದೋಷಿ. ತಪ್ಪಿರುವುದು ಹಿಂದೆ ಡಿಕ್ಕಿಯಲ್ಲಿರುವ ಟ್ಯಾಂಕಿನಿಂದ ಮುಂದಕ್ಕೆ ಬರುವ ದಾರಿಯಲ್ಲಿ. ಟ್ಯಾಂಕಿನೊಳಗಿನ ಜಾಲರಿಯಲ್ಲಿ ತುಕ್ಕಿನ ಪುಡಿಯೂ ಅಂಟಿನಂಥ ಕಂದು ಮಡ್ಡಿಯೂ ಇದ್ದುವು. ಆದರೆ ಮುಖ್ಯ ಅಪರಾಧಿ ಲೋಹದ ಕೊಳವೆಯನ್ನು ಪಂಪಿಗೆ ಜೋಡಿಸುವ ಗೇಣುದ್ದದ ರಬ್ಬರು ಕೊಳವೆ. ಹೊರಗಿನಿಂದ ಅದು ಚೆನ್ನಾಗಿಯೇ ಇತ್ತು. ಉದ್ದುದ್ದಕ್ಕೆ ಸೀಳಿ ನೋಡಿದಾಗ ಒಳಪದರ ಊದಿಕೊಂಡು, ಒಂದು ಕಡೆ ಬಿಟ್ಟುಕೊಂಡು ನಾಲಗೆಯಂತೆ ಜೋತುಬಿದ್ದಿತ್ತು. ಒದ್ದೆಯಾಗಿ ಮೆತ್ತಗಾದ ಕಾಗದದ ಕೊಳವೆಯಿಂದ ಎಳನೀರು ಹೀರಿದವರಿಗೆ ಇದರ ಸ್ವಭಾವ ಗೊತ್ತು: ಮೆಲ್ಲಗೆ ಹೀರಿದರೆ ಬರುತ್ತದೆ, ಜೋರಾಗಿ ಹೀರಿದರೆ ಕೊಳವೆಯೇ ಮುಚ್ಚಿಕೊಳ್ಳುತ್ತದೆ. ಹೆಚ್ಚು ಬೇಕಾದಾಗಲೇ ದಾರಿ ಹೆಚ್ಚು ಕಿರಿದಾಗುವ ಈ ಬಗೆಯ ಅಡಚಣೆ ವರ್ಗನಿಯಮಕ್ಕಿಂತಲೂ ಕ್ರೂರವಾದದ್ದು.

ರಬ್ಬರು ಹೀಗೆ ಕೆಟ್ಟದ್ದಕ್ಕೆ ವಯಸ್ಸು ಒಂದು ಕಾರಣ; ಇಂದಿನ ಪೆಟ್ರೋಲು ಇನ್ನೊಂದಾಗಿರಬಹುದು. ನಮ್ಮ ದೇಶದಲ್ಲಿ ನೂರಕ್ಕೆ ೨೦ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟ ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಸಮಾರಂಭದಿಂದ ಆರಂಭವಾಗಿ, ೨೦೨೫ರ ಹೊತ್ತಿಗೆ ದೇಶದಾದ್ಯಂತ ಹರಡಿತು. ಎಥನಾಲ್ ಹಳೆಯ ಬಗೆಯ ರಬ್ಬರನ್ನು ಊದಿಸುತ್ತದೆ. ಟ್ಯಾಂಕಿನ ಗೋಡೆಗೆ ಹಲವು ವರ್ಷಗಳಿಂದ ಅಂಟಿಕೊಂಡಿದ್ದ ಮಡ್ಡಿಯನ್ನು ಸಡಿಲಿಸಿ ಜಾಲರಿಗೆ ತಂದು ತುಂಬುತ್ತದೆ. ಲೀಟರೊಂದರಲ್ಲಿ ಅಡಗಿದ ಚೈತನ್ಯವೂ ಶುದ್ಧ ಪೆಟ್ರೋಲಿಗಿಂತ ನೂರಕ್ಕೆ ಆರೇಳರಷ್ಟು ಕಡಮೆ. ಆದರೆ ಆ ಕೊನೆಯ ನಷ್ಟ ಎಲ್ಲ ವೇಗಗಳಲ್ಲೂ ಸಮನಾಗಿ ತೋರಬೇಕಾದದ್ದು. ವೇಗದಲ್ಲಿ ಮಾತ್ರ ಸೋಲುವುದಕ್ಕೆ ಅದನ್ನು ದೂರುವಂತಿಲ್ಲ. ಬೇಸಿಗೆಯ ಘಾಟಿಯಲ್ಲಿ ಇನ್ನೂ ಒಂದು ತೊಡಕುಂಟು. ಕೊಳವೆ ಕಟ್ಟಿದಾಗ ಪಂಪಿನ ಸೆಳೆತದಿಂದ ಅಲ್ಲಿನ ಒತ್ತಡ ತಗ್ಗುತ್ತದೆ. ತಗ್ಗಿದ ಒತ್ತಡದಲ್ಲಿ ಬಿಸಿ ಪೆಟ್ರೋಲು ಕುದಿದು ಆವಿಯಾಗುತ್ತದೆ. ಪಂಪು ಆವಿಯನ್ನೇ ಅಗಿಯುತ್ತ ಕೂಡುತ್ತದೆ. ಹಿಂದಿನ ಚಾಲಕರು ಘಾಟಿಯಲ್ಲಿ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಿದ್ದುದು ಮೂಢನಂಬಿಕೆಯಲ್ಲ.

ಟ್ಯಾಂಕು ತೊಳೆದು, ಎಥನಾಲಿಗೆ ತಡೆಯುವ ಹೊಸ ಕೊಳವೆ ಹಾಕಿದ ಮೇಲೆ ಸೀಸೆಗೆ ಅರ್ಧ ನಿಮಿಷಕ್ಕೆ ೨೦೦ ಮಿಲಿಲೀಟರಿಗೂ ಮೀರಿ ಬಿದ್ದಿತು. ಇಪ್ಪತ್ತು ಸೆಕೆಂಡಿನ ಸೋಲು ಮಾಯವಾಯಿತು. ಸ್ನೇಹಿತರಿಗೆ ಪರಮಸಂತೋಷ. ನಮಗೆ ಮಾತ್ರ ಪೂರ್ತಿ ಸಮಾಧಾನವಾಗಲಿಲ್ಲ; ಹೆಚ್ಚಿನ ಸುತ್ತಿನಲ್ಲಿ ಎಂಜಿನು ನಯವಾಗಿದ್ದರೂ ಉತ್ಸಾಹವಿಲ್ಲದಂತೆ ತೋರಿತು, ನೀರಿನ ಉಷ್ಣತೆಯೂ ಬೇಕಾದ್ದಕ್ಕಿಂತ ಮೇಲಕ್ಕೆ ಹೋಗುತ್ತಿತ್ತು. ಹಳೆಯ ಗಾಡಿಗೆ ಒಂದು ಸಲಕ್ಕೆ ಒಂದೇ ಕಾಯಿಲೆ ಬರಬೇಕೆಂಬ ನಿಯಮವಿಲ್ಲ.

ಕಿಡಿ ಹಾರಿದ ಕ್ಷಣದಲ್ಲೇ ಸಿಲಿಂಡರಿನ ಅನಿಲವೆಲ್ಲ ಉರಿದುಬಿಡುವುದಿಲ್ಲ. ಜ್ವಾಲೆ ಪ್ಲಗ್ಗಿನಿಂದ ಹೊರಟು ಹರಡಲು ಒಂದೆರಡು ಮಿಲಿಸೆಕೆಂಡು ಹಿಡಿಯುತ್ತದೆ. ಪಿಸ್ಟನ್ನು ತುದಿ ದಾಟಿ ಇಳಿಯತೊಡಗುವ ಹೊತ್ತಿಗೆ ಒತ್ತಡ ಹೆಚ್ಚಿರಬೇಕಾದರೆ, ಕಿಡಿ ಪಿಸ್ಟನ್ನು ಇನ್ನೂ ಏರುತ್ತಿರುವಾಗಲೇ ಹಾರಬೇಕು. ಉರಿಯುವ ಕಾಲ ೨ ಮಿಲಿಸೆಕೆಂಡೆಂದಾದರೆ ಅಷ್ಟರಲ್ಲಿ ಎಂಜಿನು ೮೦೦ ಸುತ್ತಿನಲ್ಲಿ ಹತ್ತು ಡಿಗ್ರಿಯೂ ತಿರುಗದು. ೪೦೦೦ ಸುತ್ತಿನಲ್ಲಿ ೪೮ ಡಿಗ್ರಿ ತಿರುಗುತ್ತದೆ. ವೇಗದಲ್ಲಿ ಅನಿಲದ ಸುಳಿಗಳು ಹೆಚ್ಚಿ ಜ್ವಾಲೆಯೂ ಚುರುಕಾಗುವುದರಿಂದ ಅಷ್ಟು ಬೇಕಾಗುವುದಿಲ್ಲ. ಇಂಥ ಎಂಜಿನುಗಳಿಗೆ ೩೦ ಡಿಗ್ರಿಯ ಆಸುಪಾಸು ಸಾಕು. ಹೀಗೆ ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂಚಿತಗೊಳಿಸಲು ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲಿ ಎರಡು ಪುಟ್ಟ ತೂಕದ ತುಂಡುಗಳಿವೆ. ತಿರುಗುವ ವೇಗ ಹೆಚ್ಚಿದಂತೆ ಅವು ಸ್ಪ್ರಿಂಗುಗಳನ್ನು ಎಳೆದುಕೊಂಡು ಹೊರಕ್ಕೆ ಚಾಚಿ ಕ್ಯಾಮನ್ನು ಮುಂದಕ್ಕೆ ತಿರುಗಿಸುತ್ತವೆ.

ಇದನ್ನು ಕಣ್ಣಾರೆ ಕಾಣುವುದಕ್ಕೆ ಮಿಣುಕುದೀಪವೆಂಬ ಸೊಗಸಾದ ಸಾಧನವಿದೆ. ಮೊದಲ ಪ್ಲಗ್ಗಿಗೆ ಕಿಡಿ ಹೋದಾಗಲೆಲ್ಲ ಅದು ಕ್ಷಣಮಾತ್ರ ಬೆಳಗುತ್ತದೆ. ಆ ಬೆಳಕನ್ನು ಎಂಜಿನಿನ ಮುಂದಣ ಚಕ್ರದ ಮೇಲೆ ಬಿಟ್ಟರೆ, ಚಕ್ರ ಬಿರುಸಾಗಿ ತಿರುಗುತ್ತಿದ್ದರೂ ಅದರ ಮೇಲಿನ ಗುರುತು ನಿಶ್ಚಲವಾಗಿ ನಿಂತಂತೆ ಕಾಣುತ್ತದೆ; ಪ್ರತಿ ಸಲವೂ ಅದು ಅದೇ ಸ್ಥಾನಕ್ಕೆ ಬಂದಾ���ಲೇ ನಾವು ನೋಡುತ್ತೇವಷ್ಟೆ. ಸುತ್ತು ಏರಿಸಿದರೆ ಆ ಗುರುತು ಮೆಲ್ಲನೆ ಹಿಂದಕ್ಕೆ ಸರಿಯಬೇಕು. ನಮ್ಮ ಗಾಡಿಯಲ್ಲಿ ಅದು ೧೮ ಡಿಗ್ರಿಯವರೆಗೆ ಸರಿದು ಅಲ್ಲೇ ನಿಂತುಬಿಟ್ಟಿತು. ಸುತ್ತು ಎಷ್ಟು ಏರಿಸಿದರೂ ಅಲುಗಲಿಲ್ಲ. ಡಿಸ್ಟ್ರಿಬ್ಯೂಟರನ್ನು ಬಿಚ್ಚಿದಾಗ ತೂಕದ ತುಂಡುಗಳ ಕೀಲಿನಲ್ಲಿ ಹಳೆಯ ಗ್ರೀಸು ಒಣಗಿ ತುಕ್ಕಿನೊಡನೆ ಅರಗಿನಂತೆ ಕಟ್ಟಿಕೊಂಡಿತ್ತು. ತಡವಾಗುತ್ತಿದ್ದುದು ಹನ್ನೆರಡು ಡಿಗ್ರಿಯಷ್ಟು. ೪೦೦೦ ಸುತ್ತಿನಲ್ಲಿ ಅದು ಅರ್ಧ ಮಿಲಿಸೆಕೆಂಡು. ಅಷ್ಟು ತಡವಾಗಿ ಉರಿದ ಅನಿಲ ಪಿಸ್ಟನ್ನನ್ನು ತಳ್ಳುವ ಬದಲು ಬಿಸಿಬಿಸಿಯಾಗಿ ಹೊಗೆಕೊಳವೆಯ ಪಾಲಾಗುತ್ತಿತ್ತು. ಎಂಜಿನು ಕಾಯುತ್ತಿದ್ದುದಕ್ಕೆ ಅದೇ ಕಾರಣ. ಸೀಮೆಎಣ್ಣೆಯಲ್ಲಿ ತೊಳೆದು, ಕೀಲುಗಳಿಗೆ ಒಂದೊಂದು ತೊಟ್ಟು ತೆಳು ಎಣ್ಣೆ ಬಿಟ್ಟು ಜೋಡಿಸಿದ ಮೇಲೆ ಗುರುತು ೩೦ ಡಿಗ್ರಿಯನ್ನು ಮುಟ್ಟಿತು. ಇದಕ್ಕೆ ತಗಲಿದ ಖರ್ಚು ಲೆಕ್ಕಕ್ಕೆ ಬರೆಯುವಷ್ಟಿರಲಿಲ್ಲ.

ಈ ಎರಡನೆಯ ದೋಷ ಎಷ್ಟು ವರ್ಷಗಳಿಂದ ಇತ್ತೋ ಹೇಳಲಾರೆವು. ದಿನಕ್ಕಿಷ್ಟೆಂದು ಕುಗ್ಗುತ್ತ ಬಂದ ಬಲಕ್ಕೆ ಓಡಿಸುವವರ ಕಾಲು ಹೊಂದಿಕೊಂಡುಬಿಡುತ್ತದೆ.

ಮಳೆಗಾಲ ಕಳೆದ ಮೇಲೆ ಸ್ನೇಹಿತರು ಅದೇ ಶಿರಾಡಿಯನ್ನು ಹತ್ತುವಾಗ ನಮ್ಮನ್ನೂ ಜೊತೆಗೆ ಕರೆದುಕೊಂಡು ಹೋದರು. ಮೂರನೆಯ ಗೇರಿನಲ್ಲಿ ನಿಮಿಷಗಟ್ಟಲೆ ಒತ್ತಿಹಿಡಿದರೂ ಗಾಡಿ ಒಂದೇ ಸಮನೆ ಎಳೆಯಿತು. ಸಕಲೇಶಪುರ ಸಮೀಪಿಸುತ್ತಿದ್ದಾಗ ಅವರು ಕಿವಿಗೊಟ್ಟು ಆಲಿಸಿ, “ಕೆಳಗಿದ್ದಷ್ಟು ಚುರುಕು ಇಲ್ಲಿಲ್ಲವಲ್ಲ?” ಎಂದರು. ಅವರ ಅನುಮಾನ ಸರಿಯಾಗಿಯೇ ಇತ್ತು. ಗುಂಡ್ಯದಿಂದ ಅಲ್ಲಿಗೆ ನಾವು ಎಂಟುನೂರು ಮೀಟರಿನಷ್ಟು ಮೇಲಕ್ಕೆ ಬಂದಿದ್ದೆವು. ಗಾಳಿಯ ಸಾಂದ್ರತೆ ನೂರಕ್ಕೆ ಎಂಟರಷ್ಟು ಇಳಿದಿತ್ತು, ಎಂಜಿನಿನ ಬಲವೂ ಹೆಚ್ಚುಕಡಮೆ ಅಷ್ಟೇ ಇಳಿದಿತ್ತು. ಇದನ್ನು ವಿವರಿಸಿದಾಗ, ಅದಕ್ಕೇನಾದರೂ ಕೊಳವೆ ಬದಲಾಯಿಸಬೇಕೆ ಎಂದು ನಗುತ್ತ ಕೇಳಿ, ಅವರು ಗೇರು ಇಳಿಸಿದರು.